ಮೊಬೈಲಿನಲ್ಲಿ ಓದುವವರಿಗೆ ಕಚೇರಿಯ ಇಮೇಲ್

ಪ್ರಶ್ನೆ: ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಬರುವ ಸರಕನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವ (ಕ್ಲಿಯರಿಂಗ್) ಕಚೇರಿಯಲ್ಲಿ ನಾನು ಕೆಲಸದಲ್ಲಿದ್ದೇನೆ. ಆಮದುದಾರರಿಗೆ ಒಂದು ವಿವರವನ್ನೂ ಬಿಡದೆ ಇಮೇಲ್ ಬರೆಯುತ್ತೇನೆ. ಆದರೂ ‘ಈಗ ನಾವೇನು ಕಳಿಸಬೇಕು?’ ಎಂದು ಅವರಿಂದ ಫೋನ್ ಬರುತ್ತದೆ. ಹೆಚ್ಚಿನವರು ಮೊಬೈಲಿನಲ್ಲೇ ಓದುತ್ತಾರೆ. ನಾನು ಹೇಗೆ ಬರೆಯಬೇಕು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಶ್ರದ್ಧೆಯಲ್ಲಿ ಕೊರತೆಯಿಲ್ಲ, ಕೇಳಬೇಕಾದ ಮಾತು ಪತ್ರದ ಕೊನೆಗೆ ಹೋಗಿ ಕುಳಿತಿರುವುದೇ ತೊಂದರೆ ಎಂದು ನನಗೆ ತೋರುತ್ತದೆ. ನಮ್ಮ ಹಿರಿಯರ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗಿ ನಿಧಾನವಾಗಿ ವಿಷಯಕ್ಕೆ ಬರುತ್ತಿದ್ದವು, ಏಕೆಂದರೆ ಓದುವವರು ಜಗುಲಿಯಲ್ಲಿ ಕುಳಿತು ಕಾಗದವನ್ನು ಪೂರ್ತಿ ಬಿಡಿಸಿ ಓದುತ್ತಿದ್ದರು. ನಿಮ್ಮ ಆಮದುದಾರರಾದರೋ ಠಾಣೆ ಊರಿನ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾರೆ. ಇನ್‌ಬಾಕ್ಸಿನಲ್ಲಿ ಅವರಿಗೆ ಮೊದಲು ಕಾಣುವುದು ನಿಮ್ಮ ಹೆಸರು, ವಿಷಯದ ಸಾಲಿನ ಸುಮಾರು 30ರಿಂದ 40 ಅಕ್ಷರಗಳು ಮತ್ತು ಪತ್ರದ ಮೊದಲ ಕೆಲವು ಪದಗಳು ಮಾತ್ರ. ತೆರೆಯಬೇಕೋ ಬೇಡವೋ ಎಂಬುದನ್ನು ಅವರು ಅಷ್ಟರಿಂದಲೇ ತೀರ್ಮಾನಿಸುತ್ತಾರೆ.

ಆದ್ದರಿಂದ ‘ಕಂಟೇನರ್ ದಾಖಲೆಗಳಿಗೆ ಸಂಬಂಧಿಸಿದಂತೆ’ ಎಂಬ ವಿಷಯದ ಬದಲು ‘ಪ್ಯಾಕಿಂಗ್ ಲಿಸ್ಟ್ ಬೇಕು: ಗುರುವಾರ ತಾ. 4ರೊಳಗೆ’ ಎಂದು ಬರೆಯಿರಿ. ‘ನಮಸ್ಕಾರ’ ಎಂಬ ಒಂದು ಪದ ಇರಲಿ, ಅದು ಬೇಕು. ಅದರ ಹಿಂದೆಯೇ, ಯಾರು, ಏನನ್ನು, ಯಾವ ದಿನದೊಳಗೆ ಕಳಿಸಬೇಕು ಎಂಬುದು ಬರಬೇಕು. ತಡವಾದರೆ ಆಗುವ ನಷ್ಟವನ್ನೂ ಮುಂದಿನ ವಾಕ್ಯದಲ್ಲೇ ಹೇಳಿಬಿಡಿ: ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಘೋಷಣೆ) ಸಲ್ಲಿಕೆ ವಿಳಂಬವಾದರೆ ಮೊದಲ 3 ದಿನ ದಿನಕ್ಕೆ 5,000 ರೂಪಾಯಿ, ಅನಂತರ ದಿನಕ್ಕೆ 10,000 ರೂಪಾಯಿ ಶುಲ್ಕ ಬೀಳುತ್ತದೆ ಎಂಬ ಮಾತು, ಹತ್ತು ‘ದಯವಿಟ್ಟು ಶೀಘ್ರವಾಗಿ’ಗಳಿಗಿಂತ ಬೇಗ ಉತ್ತರ ತರಿಸುತ್ತದೆ. ಹಿನ್ನೆಲೆ, ಹಳೆಯ ಪತ್ರಗಳ ಉಲ್ಲೇಖ, ನಿಯಮಗಳ ವಿವರಣೆ ಇವೆಲ್ಲ ಅದರ ಕೆಳಗೆ ಬರಲಿ. ‘ನಾಳೆ’ ಎಂದು ಮಾತ್ರ ಬರೆಯಬೇಡಿ. ರಾತ್ರಿ ಕಳಿಸಿದ್ದನ್ನು ಅವರು ಬೆಳಿಗ್ಗೆ ಓದಿದರೆ ಆ ನಾಳೆ ಯಾವುದೆಂದು ತಿಳಿಯುವುದಿಲ್ಲ. ವಾರವನ್ನೂ ತಾರೀಖನ್ನೂ ಬರೆಯಿರಿ.

ಒಂದು ಪತ್ರದಲ್ಲಿ ಒಂದೇ ಕಂಟೇನರಿನ ವಿಚಾರವಿರಲಿ. ಮೂರನ್ನು ಸೇರಿಸಿದರೆ ಮೊದಲನೆಯದಕ್ಕೆ ಉತ್ತರ ಬಂದು ಉಳಿದೆರಡು ಮರೆತುಹೋಗುತ್ತವೆ. ಪರಿಚ್ಛೇದಗಳು ಎರಡು ಮೂರು ವಾಕ್ಯಗಳಿಗಿಂತ ಉದ್ದವಾಗಬಾರದು, ಏಕೆಂದರೆ ಕಂಪ್ಯೂಟರಿನಲ್ಲಿ ನಾಲ್ಕು ಸಾಲಾಗಿ ಕಾಣುವುದು ಮೊಬೈಲಿನಲ್ಲಿ ಹತ್ತು ಸಾಲಾಗಿ ಪರದೆಯನ್ನೇ ತುಂಬುತ್ತದೆ. ಆರು ಅಂಕಣಗಳ ಕೋಷ್ಟಕವನ್ನು ಪತ್ರದೊಳಗೆ ಅಂಟಿಸಿದರೆ ಅರ್ಧ ಪರದೆಯ ಹೊರಗೆ ಹೋಗುತ್ತದೆ. ಅದನ್ನು ಲಗತ್ತಿಸಿ, ಅದರೊಳಗಿನ ಮುಖ್ಯವಾದ ಒಂದೆರಡು ಅಂಕಿಗಳನ್ನು ಪತ್ರದಲ್ಲೇ ಬರೆಯಿರಿ. ರೈಲಿನಲ್ಲಿ ಸಿಗ್ನಲ್ ಕ್ಷೀಣವಾಗಿ ಲಗತ್ತು ತೆರೆಯದಿದ್ದರೂ ಅವರ ಕೆಲಸ ನಿಲ್ಲುವುದಿಲ್ಲ.

ಸಹಿಯ ಜಾಗದಲ್ಲಿ ಚಿತ್ರರೂಪದ ವಿಸಿಟಿಂಗ್ ಕಾರ್ಡ್ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಫೋನ್ ನಂಬರನ್ನು ಚಿತ್ರವಾಗಿ ಹಾಕದೆ ಅಂಕಿಗಳಲ್ಲೇ ಟೈಪ್ ಮಾಡಿದರೆ ಅದನ್ನು ಮುಟ್ಟಿದೊಡನೆ ಕರೆ ಮಾಡಬಹುದು. ನಾಳೆಯ ಮೊದಲ ಪತ್ರವನ್ನು ಆಮದುದಾರರಿಗೆ ಕಳಿಸುವ ಮುನ್ನ ನಿಮಗೇ ಕಳಿಸಿಕೊಂಡು, ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ತೆರೆಯಿರಿ; ಬೆರಳಿನಿಂದ ಸರಿಸದೆಯೇ ನಿಮ್ಮ ಬೇಡಿಕೆ ಕಾಣದಿದ್ದರೆ, ಅದನ್ನು ಇನ್ನೂ ಮೇಲಕ್ಕೆ ತನ್ನಿ.