ಸ್ಯಾನಿಟೈಜರ್‌ಗೂ ಕೂಗುವ ಗ್ಯಾಸ್ ಅಲಾರಂ

ಪ್ರಶ್ನೆ: ನಮ್ಮ ಗ್ಯಾಸ್ ಅಲಾರಂ ಹತ್ತಿರ ನಿಂತು ಸ್ಯಾನಿಟೈಜರ್ ಹಚ್ಚಿಕೊಂಡರೂ ಕೂಗುತ್ತದೆ. ಶುಗರ್ ಮೀಟರ್ ಮಾತ್ರ ರಕ್ತದಲ್ಲಿ ಏನೇನೋ ಇದ್ದರೂ ಸಕ್ಕರೆಯನ್ನೇ ಹಿಡಿಯುತ್ತದೆ. ಎರಡೂ ಸೆನ್ಸರ್‌ಗಳೇ ಅಲ್ವಾ?

ಉತ್ತರ: ಹೌದು, ಎರಡೂ ಸೆನ್ಸರ್‌ಗಳೇ. ಅಲಾರಂ ಕೆಟ್ಟಿರಲೇಬೇಕು ಅಂತೇನಿಲ್ಲ, ಬಿಚ್ಚಲು ಹೋಗಬೇಡಿ.

ಇಂಥ ಸೆನ್ಸರ್‌ಗೆ ಎರಡು ಕೆಲಸ. ವಸ್ತುವನ್ನು ಗುರುತಿಸುವುದು ಒಂದು, ಆ ಗುರುತನ್ನು ಕರೆಂಟಾಗಿಯೋ ಬಣ್ಣವಾಗಿಯೋ ತೋರಿಸುವುದು ಇನ್ನೊಂದು. ಜನ ಮೆಚ್ಚುವುದು ಪರದೆಯನ್ನು, ಆ್ಯಪನ್ನು. ಲ್ಯಾಬ್‌ನಲ್ಲಿ ಇವುಗಳ ಜೊತೆ ಏಗಿದವಳಾಗಿ ಹೇಳುತ್ತೇನೆ, ಸೆನ್ಸರಿನ ಯೋಗ್ಯತೆ ಗೊತ್ತಾಗುವುದು ಮೊದಲ ಕೆಲಸದಲ್ಲೇ.

ಮನೆಯ ಬಹಳಷ್ಟು ಅಲಾರಂಗಳಲ್ಲಿರುವುದು ತವರದ ಆಕ್ಸೈಡ್. ಒಳಗಿನ ಹೀಟರ್ ಅದನ್ನು ಕೆಲವು ನೂರು ಡಿಗ್ರಿ ಬಿಸಿಯಾಗಿಟ್ಟಿರುತ್ತದೆ. ಗಾಳಿಯ ಆಮ್ಲಜನಕ ಅದರ ಮೇಲೆ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಳ್ಳುತ್ತದೆ. ಆಗ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಉರಿಯುವ ಅನಿಲ ಬಂದರೆ ಆ ಆಮ್ಲಜನಕದ ಜೊತೆ ಸೇರಿಬಿಡುತ್ತದೆ. ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ಕರೆಂಟ್ ಜಾಸ್ತಿಯಾಗುತ್ತದೆ, ಅಲಾರಂ ಕೂಗುತ್ತದೆ. ಸ್ಯಾನಿಟೈಜರಿನ ಆಲ್ಕೋಹಾಲ್ ಆವಿಯೂ ಇದನ್ನೇ ಮಾಡುತ್ತದೆ. ಬಂದದ್ದು ಯಾರೆಂದು ಆ ಆಕ್ಸೈಡ್ ಕೇಳುವುದಿಲ್ಲ. ಹಾಗಂತ ಕೂಗಿದಾಗಲೆಲ್ಲ ಸ್ಯಾನಿಟೈಜರ್ ಅಂದುಕೊಂಡು ಸುಮ್ಮನಿರಬೇಡಿ. ಗ್ಯಾಸ್ ಬಂದ್ ಮಾಡಿ, ಕಿಟಕಿ ತೆಗೆಯಿರಿ, ಸ್ವಿಚ್ ಮುಟ್ಟಬೇಡಿ.

ಶುಗರ್ ಸ್ಟ್ರಿಪ್‌ನಲ್ಲಿ ಗುರುತಿಸುವ ಕೆಲಸ ಕಿಣ್ವದ್ದು, ಅಂದರೆ ಎನ್‌ಜೈಮ್‌ನದ್ದು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಎಂಬ ಸಂಶೋಧಕರು ಈ ದಾರಿ ತೋರಿಸಿದರು. ಆಮ್ಲಜನಕ ಅಳೆಯುವ ಎಲೆಕ್ಟ್ರೋಡಿಗೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಸೇರಿಸುವುದು ಅವರ ಉಪಾಯ. ಗ್ಲೂಕೋಸ್ ಜಾಸ್ತಿಯಿದ್ದಷ್ಟೂ ಕಿಣ್ವ ಆಮ್ಲಜನಕವನ್ನು ಜಾಸ್ತಿ ಖರ್ಚು ಮಾಡುತ್ತದೆ, ಆ ಇಳಿಕೆಯೇ ಲೆಕ್ಕ. ಈಗಿನ ಹೆಚ್ಚಿನ ಸ್ಟ್ರಿಪ್‌ಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಎಲೆಕ್ಟ್ರೋಡಿಗೆ ಮುಟ್ಟಿಸಲು ಬೇರೊಂದು ರಾಸಾಯನಿಕವಿರುತ್ತದೆ. ಗುರುತಿಸುವ ಭಾಗ ಜೀವಿಗಳಿಂದ ಬಂದದ್ದಾದ್ದರಿಂದ ಇದು ಬಯೋಸೆನ್ಸರ್. ಗರ್ಭಧಾರಣೆ ನೋಡುವ ಕಡ್ಡಿಯನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಅಲ್ಲಿ ಕಿಣ್ವದ ಬದಲು ಆ್ಯಂಟಿಬಾಡಿ, ಅಂಕಿಯ ಬದಲು ಬಣ್ಣದ ಗೆರೆ.

ಕಿಣ್ವವೂ ಮೋಸ ಹೋಗುವುದುಂಟು. ಜಿಡಿಎಚ್-ಪಿಕ್ಯುಕ್ಯು ಎಂಬ ಕಿಣ್ವದ ಸ್ಟ್ರಿಪ್‌ಗಳು ಮಾಲ್ಟೋಸ್ ಎಂಬ ಬೇರೊಂದು ಸಕ್ಕರೆಯನ್ನೂ ಗ್ಲೂಕೋಸ್ ಲೆಕ್ಕಕ್ಕೆ ಸೇರಿಸಿಬಿಡುತ್ತಿದ್ದವು. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಲು ಬಳಸುವ ಐಕೋಡೆಕ್ಸ್‌ಟ್ರಿನ್ ದೇಹದಲ್ಲಿ ಒಡೆದು ಮಾಲ್ಟೋಸ್ ಆಗುತ್ತದೆ. ಶುಗರ್ ಇಳಿದಿದ್ದರೂ ಮೀಟರ್ ಜಾಸ್ತಿ ತೋರಿಸಿ, ಅದನ್ನು ನಂಬಿ ಇನ್ಸುಲಿನ್ ಕೊಟ್ಟು, ಸಾವುಗಳೂ ಆಗಿವೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಪ್ರಶ್ನೆ: ಒಂದೇ ಬೆರಳು, ಎರಡು ಸಲ ನೋಡಿದರೆ ಎರಡು ಅಂಕಿ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ, ಸ್ವಲ್ಪ ಸಡಿಲವಾಗಿ. 2013ರ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದ ಪ್ರಕಾರ 100ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಮೇಲಿನ ರೀಡಿಂಗ್‌ನಲ್ಲಿ ಶೇ. 15ರಷ್ಟು ಹೆಚ್ಚು ಕಡಿಮೆ ಇದ್ದರೂ ಮೀಟರ್ ಪಾಸ್. 200 ಇರುವ ಕಡೆ 175, 225 ಬಂದರೆ ಗಾಬರಿ ಬೇಡ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಸ್ಟ್ರಿಪ್ ಅದನ್ನೂ ಲೆಕ್ಕ ಹಾಕುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವ ತಗುಲಿದರೆ ಕಿಣ್ವ ಹಾಳಾಗುತ್ತದೆ.