ಸ್ಟ್ರೋಗಾಫ್: ಮಗನಿಗೆ ಮೊದಲು ಯಾವುದನ್ನು ತೋರಿಸಲಿ?

ಅಕ್ಕಾ, ‘ಮೈಕೆಲ್ ಸ್ಟ್ರೋಗಾಫ್’ ಕತೆ ಎಷ್ಟೊಂದು ಸಲ ಸಿನಿಮಾ ಆಗಿದೆಯಲ್ಲ, ಒಂಬತ್ತು ವರ್ಷದ ಮಗನ ಜೊತೆ ಯಾವುದು ನೋಡಲಿ ಅಂತ ಕೇಳಿದ್ದೀರಿ. 1926ರ ಮೂಕಿಚಿತ್ರವನ್ನೇ ಹಾಕಿ. 1937ರ ಹಾಲಿವುಡ್ ಚಿತ್ರ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಮಾತೂ ಇದೆ, ಅದೇ ಸುಲಭ ಅನ್ನಿಸಬಹುದು. ಆದರೂ ಮೊದಲು ಅದು ಬೇಡ.

ಯಾಕೆ ಅಂದರೆ, ಜೂಲ್ ವೆರ್ನ್ 1876ರಲ್ಲಿ ಬರೆದ ಈ ಕತೆಯ ಜೀವ ಇರುವುದು ಯುದ್ಧದಲ್ಲಿ ಅಲ್ಲ. ಝಾರ್ ದೊರೆಯ ಓಲೆಕಾರ ಮಾಸ್ಕೋದಿಂದ ಸೈಬೀರಿಯಾದ ಇರ್ಕುಟ್ಸ್ಕ್‌ಗೆ ಒಂದು ಪತ್ರ ಮುಟ್ಟಿಸಬೇಕು. ಐದು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ, ಟೆಲಿಗ್ರಾಫ್ ತಂತಿ ಕಡಿದುಹೋಗಿದೆ, ನಡುವೆ ದಂಡೆತ್ತಿ ಬಂದ ಮಧ್ಯ ಏಷ್ಯಾದ ತಾರ್ತಾರರ ಸೈನ್ಯ. ವೇಷ ಮರೆಸಿಕೊಂಡು ಹೊರಟವನಿಗೆ ಓಮ್ಸ್ಕ್‌ನಲ್ಲಿ ಹೆತ್ತ ತಾಯಿಯೇ ಎದುರಾಗುತ್ತಾಳೆ, ಮಗನೇ ಅಂತ ಬರುತ್ತಾಳೆ, ಅವನು ಎಲ್ಲರ ಮುಂದೆ ನೀವ್ಯಾರೋ ಗೊತ್ತಿಲ್ಲ ಅನ್ನಬೇಕು. ಬಾಯಿ ಸುಳ್ಳು ಹೇಳುವಾಗ ಮುಖ ನಿಜ ಹೇಳಿಬಿಡಬಾರದು, ನೋಡುವ ನಮಗೆ ಮಾತ್ರ ಅದು ಕಾಣಬೇಕು. 1926ರ ಚಿತ್ರದ ನಾಯಕ ಇವಾನ್ ಮೊಜೂಖಿನ್ ಅದನ್ನು ಮಾಡಿ ತೋರಿಸಿದ್ದಾರೆ. ಒಂದೇ ಮುಖದ ಪಕ್ಕ ಬೇರೆ ಬೇರೆ ಚಿತ್ರ ಜೋಡಿಸಿದರೆ ನೋಡುವವರಿಗೆ ಬೇರೆ ಬೇರೆ ಭಾವ ಕಾಣುತ್ತದೆ ಅಂತ ತೋರಿಸಿದ ತಮ್ಮ ಹೆಸರಾಂತ ಸಂಕಲನ ಪ್ರಯೋಗಕ್ಕೆ ಸೋವಿಯತ್ ನಿರ್ದೇಶಕ ಕುಲೆಶೋವ್ ಬಳಸಿದ್ದು ಇವರ ಮುಖವನ್ನೇ. ಇವರೂ ನಿರ್ದೇಶಕ ತುರ್ಜಾನ್ಸ್ಕಿಯೂ ಕ್ರಾಂತಿಯಾದ ಮೇಲೆ ರಷ್ಯಾ ಬಿಟ್ಟು ಫ್ರಾನ್ಸ್ ಸೇರಿದವರು. ಹೊರಾಂಗಣ ದೃಶ್ಯಗಳನ್ನು ಲಾಟ್ವಿಯಾದಲ್ಲಿ ತೆಗೆದರು. ಬಿಟ್ಟುಬಂದ ಊರನ್ನು ನೆನೆಸಿಕೊಂಡು ತೆಗೆದ ಹಾಗಿದೆ ನನಗೆ.

ಎರಡೂವರೆ ಗಂಟೆ ಮೀರುತ್ತದೆ, ಹಾಗಾಗಿ ಎರಡು ಸಂಜೆ ಮಾಡಿಕೊಳ್ಳಿ. ಮೊಬೈಲಿನಲ್ಲಿ ಬೇಡ, ಟಿವಿಯಲ್ಲೇ ಹಾಕಿ. ಪರದೆ ಮೇಲಿನ ಬರಹವನ್ನು ನೀವೇ ಕನ್ನಡದಲ್ಲಿ ಜೋರಾಗಿ ಹೇಳುತ್ತಾ ಹೋಗಿ, ಮಕ್ಕಳು ಅಂಟಿಕೊಂಡು ಕೂರುತ್ತಾರೆ. ಬಣ್ಣ ಹಾಕಿದ ಭಾಗಗಳೂ ಇವೆ, ತಾರ್ತಾರರ ದೊರೆ ಖಾನನ ಬಿಡಾರದ ಹಬ್ಬ ಬಂದಾಗ ಮಗನನ್ನು ಹತ್ತಿರ ಕರೆದು ತೋರಿಸಿ. ಆಮೇಲೆ ಕಾಯಿಸಿದ ಕತ್ತಿಯನ್ನು ಕಣ್ಣಿಗೆ ಹಿಡಿಯುವ ದೃಶ್ಯ ಬರುತ್ತದೆ. ರಕ್ತ ಇಲ್ಲ, ಆದರೂ ಹೆದರಿಕೆ ಆಗುತ್ತದೆ, ಮೊದಲೇ ಹೇಳಿಡಿ. ಅಲ್ಲಿಗೆ ಆ ದಿನದ ಆಟ ನಿಲ್ಲಿಸಬೇಡಿ, ಮಗು ರಾತ್ರಿಯಿಡೀ ಅದನ್ನೇ ನೆನೆಸುತ್ತದೆ.

ಇಂಥ ದಂಡಯಾತ್ರೆ ಆ ಕಾಲದಲ್ಲಿ ನಡೆದೇ ಇಲ್ಲ, ಅದು ಲೇಖಕರ ಕಲ್ಪನೆ ಅಂತಲೂ ಹೇಳಿ. ತಾರ್ತಾರರು ಅಂದರೆ ಕೆಟ್ಟವರು ಅಂತ ತಲೆಯಲ್ಲಿ ಕೂರಬಾರದು, ಅಲ್ವಾ?

1937ರದ್ದು ಮುಂದಿನ ವಾರಕ್ಕಿರಲಿ. ಅದರ ನಾಯಕ ಆಂಟನ್ ವಾಲ್‌ಬ್ರೂಕ್ ಇದೇ ಪಾತ್ರವನ್ನು ಅದಕ್ಕೂ ಮೊದಲು ಜರ್ಮನ್ ಮತ್ತು ಫ್ರೆಂಚ್‌ನಲ್ಲಿ ಮಾಡಿದ್ದರು, ಆ ಚಿತ್ರದ ಯುದ್ಧದ ದೃಶ್ಯಗಳನ್ನೇ ತಂದು ಇದಕ್ಕೆ ಜೋಡಿಸಿದ್ದಾರೆ. ತಾಯಿಯ ದೃಶ್ಯ ಬಂದಾಗ ಎರಡರಲ್ಲಿ ಯಾವ ಸ್ಟ್ರೋಗಾಫ್ ಇಷ್ಟ ಅಂತ ಮಗನನ್ನೇ ಕೇಳಿ, ಏನು ಹೇಳಿದ ಅಂತ ಇಲ್ಲಿ ಬರೆಯಿರಿ.