ಇಂಗ್ಲಿಷಿನ ‘ಕೌವರ್’ (cower) ಅಂದರೆ ಏನು? ಹೇಡಿ ಅನ್ನುವ ಅರ್ಥದ ‘ಕೌವರ್ಡ್’ (coward) ಇದರಿಂದಲೇ ಬಂದ ಪದವಾ?

ಕೌವರ್ ಅಂದರೆ ಹೆದರಿ ಮೈ ಮುದುರಿಕೊಂಡು ಕೂರುವುದು. ಸುಮ್ನೆ ಮನಸ್ಸಲ್ಲಿ ಹೆದರಿದರೆ ಸಾಲದು, ಮೈ ಕುಗ್ಗಬೇಕು. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ಗುಡುಗು ಜಾಸ್ತಿ. ಒಂದು ಸಿಡಿಲು ಬಡಿದರೆ ಸಾಕು, ಮನೆ ನಾಯಿ ಜಗಲಿಯ ಬೆಂಚಿನಡಿ ನುಸುಳಿ ಮುದ್ದೆಯಾಗಿ ಕೂರುತ್ತದೆ. ಅದೇ ಕೌವರ್.

ಇಂಗ್ಲಿಷಿನಲ್ಲಿ ಈ ಪದ ಸುಮಾರು 1300ರಿಂದ ಇದೆ. ಬಂದಿದ್ದು ಉತ್ತರ ಯುರೋಪಿನ ಭಾಷೆಗಳ ಕಡೆಯಿಂದ. ಸ್ವೀಡಿಷಿನ ‘ಕೂರ’, ಜರ್ಮನಿನ ‘ಕೌವರ್ನ್’ ಇದರ ನೆಂಟರು. ಎರಡಕ್ಕೂ ಮುದುರಿ ಕೂರುವ ಅರ್ಥವೇ. (ನಮ್ಮ ‘ಕೂರು’ ಜೊತೆ ನಂಟು ಹಾಕಬೇಡಿ, ಅದು ಬರೀ ಕಾಕತಾಳೀಯ!) ಹಿಂದೆ ಭಯವೇ ಬೇಕೆಂದಿರಲಿಲ್ಲ. ನಾವು ಚಳಿಗೆ ಬಚ್ಚಲೊಲೆ ಮುಂದೆ ಕೂರುತ್ತೇವಲ್ಲ, ಅದಕ್ಕೂ ಇದೇ ಪದ ಸಲ್ಲುತ್ತಿತ್ತು.

ಕೌವರ್ಡ್ ಕಥೆ ಬೇರೆ. ಅದು ಹಳೆಯ ಫ್ರೆಂಚಿನಿಂದ ಬಂದಿದ್ದು, ಬೇರು ಲ್ಯಾಟಿನ್ನಿನ ‘ಕೌಡ’. ಹಾಗಂದರೆ ಬಾಲ! ಹೇಡಿಯನ್ನು ಕಂಡು ನಾವೂ ‘ಬಾಲ ಮುದುರಿಕೊಂಡು ಓಡಿದ’ ಅನ್ನುತ್ತೇವೆ, ಅಲ್ವಾ?